ಕೆಂಚಾರ್ಲಹಳ್ಳಿಯ ಒಂದು ಯೆಜ್ಡಿ, ನಾಲ್ಕು ಫ್ಯೂಸು, ಒಂದು ಬೋಲ್ಟು

ಮೊದಲನೇ ಫೋಟೊದಲ್ಲಿ ಕರಕಲಾಗಿರೋ ಫ್ಯೂಸ್ ಇದೆಯಲ್ಲ, ಅದು ಒಂದೇ ಸಂಜೆಯಲ್ಲಿ ಹೋದ ನಾಲ್ಕನೇದು. ಗಾಡಿ ನಮ್ಮ ತಾತಂದು, 1976ರ ಯೆಜ್ಡಿ. ಕೀ ಹಾಕಿದ್ರೆ ಏನೂ ತೊಂದ್ರೆ ಇಲ್ಲ, ಹಾರ್ನ್ ಕೂಡ ಹೊಡೆಯುತ್ತೆ. ಲೈಟ್ ಸ್ವಿಚ್ ತಿರುಗಿಸಿದ ತಕ್ಷಣ ಟಪ್! ಅಪ್ಪ ಅಷ್ಟರಲ್ಲಿ ಗುಜರಿಯವನ ಹತ್ರ ರೇಟ್ ಮಾತಾಡಿ ಮುಗಿಸಿದ್ರು. ಸೋಮವಾರ ಬೆಳಿಗ್ಗೆ ಬಂದು ತಗೊಂಡು ಹೋಗ್ತಾನೆ ಅಂತ. ನನಗೆ ಉಳಿದಿದ್ದು ಶನಿವಾರ ರಾತ್ರಿ ಮತ್ತು ಭಾನುವಾರ.

ಈ ಸೀರೀಸ್ ಓದ್ತಾ ಇರೋರಿಗೆ ಗೊತ್ತು, ನಾನು ಬಿಕಾಂ, ಮೆಕ್ಯಾನಿಕ್ ಅಲ್ಲ. ಆದ್ರೆ ವೈರ್ ಬಿಚ್ಚುತ್ತಾ ಹೋದಹಾಗೆ ಒಂದು ಕಂಪನಿಯ ಚರಿತ್ರೆನೇ ಬಿಚ್ಕೊಳ್ತು. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಕೂತು ಓದಿ.

ಜಾವಾ ಅಂದ್ರೆ ಇಂಡೋನೇಷ್ಯಾದ ದ್ವೀಪ ಅಲ್ಲ ಗುರು. 1929ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡ್ಕೊಂಡ್ರು. ಎರಡು ಹೆಸರಿನ ತಲೆ ಸೇರಿಸಿ ಜಾವಾ ಆಯ್ತು. ನಮ್ಮ ದೇಶಕ್ಕೆ ಅದನ್ನ ತರಿಸ್ತಾ ಇದ್ದದ್ದು ಬಾಂಬೆಯ ರುಸ್ತುಮ್ ಇರಾನಿ. 1950ರ ದಶಕದಲ್ಲಿ ಪೂರ್ತಿ ಜೋಡಿಸಿದ ಬೈಕ್‌ಗಳ ಆಮದಿಗೆ ಸರ್ಕಾರ ತಡೆ ಹಾಕಿದಾಗ, ಇಲ್ಲೇ ತಯಾರಿಸದೆ ಬೇರೆ ದಾರಿ ಇರ್ಲಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬಂತು. 1961ರಲ್ಲಿ ಉದ್ಘಾಟನೆ ಮಾಡಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರ ಹೊತ್ತಿಗೆ ಜಾವಾ ಹೋಗಿ ಯೆಜ್ಡಿ ಅನ್ನೋ ಹೆಸರು ಬಂತು, ಇರಾನ್ ದೇಶದ ಯಜ್ದ್ ಪಟ್ಟಣದ ನೆನಪಿಗೆ. ಗಾಡಿ ಹೆಚ್ಚುಕಮ್ಮಿ ಅದೇ. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ಕರ್ರೇ ಗೇರ್ ಲಿವರ್ರು. ಮೊದಲ ಸಲ ಹತ್ತಿದೋರು ಗೇರ್ ಎಲ್ಲಿದೆ ಅಂತ ಹುಡುಕೋದು ನೋಡೋಕೆ ಮಜಾ ಇರುತ್ತೆ.

ಈಗ ಶಾರ್ಟ್ ವಿಷಯ. ನಮ್ಮ ಗಾಡಿ 6 ವೋಲ್ಟ್. ನಿಮ್ಮ ಬೈಕುಗಳೆಲ್ಲ 12. ವ್ಯತ್ಯಾಸ ಏನು ಅಂದ್ರೆ, 35 ವ್ಯಾಟ್ ಬಲ್ಬ್ ಉರಿಸೋಕೆ 12 ವೋಲ್ಟಲ್ಲಿ 3 ಆಂಪಿಯರ್ ಸಾಕು, 6 ವೋಲ್ಟಲ್ಲಿ ಹತ್ತತ್ರ 6 ಬೇಕು. ಅಂದ್ರೆ ವೈರ್ ದಪ್ಪ ಇರ್ಬೇಕು, ಜಾಯಿಂಟ್ ಗಟ್ಟಿ ಇರ್ಬೇಕು. ಬ್ಯಾಟರಿಯ ಒಂದು ತುದಿ ಫ್ರೇಮಿಗೆ, ಅರ್ಥ್‌ಗೆ. ಇನ್ನೊಂದು ತುದಿಯಿಂದ ಹೊರಟ ಕರೆಂಟು ಬಲ್ಬಲ್ಲಿ ಕೆಲಸ ಮಾಡಿ ಫ್ರೇಮ್ ಮೂಲಕ ವಾಪಸ್ ಬರ್ಬೇಕು. ದಾರೀಲಿ ಎಲ್ಲಾದ್ರೂ ತಾಮ್ರ ಬೆತ್ತಲಾಗಿ ಕಬ್ಬಿಣಕ್ಕೆ ತಾಗಿದ್ರೆ, ಕೆಲಸ ಮಾಡದೇ ಅಲ್ಲಿಂದಲೇ ಮನೆಗೆ ಓಡುತ್ತೆ. ಅದೇ ಶಾರ್ಟ್. ಪಕ್ಕದ ಮನೆಯಣ್ಣ "ಸಿಗರೇಟ್ ಪ್ಯಾಕಿನ ಬೆಳ್ಳಿ ಪೇಪರ್ ಸುತ್ತಿ ಹಾಕೋ, ನಡೆಯುತ್ತೆ" ಅಂದ. ದಯವಿಟ್ಟು ಹಾಕ್ಬೇಡಿ. ಫ್ಯೂಸ್ ಬದಲು ಆಗ ವೈರೇ ಉರಿಯುತ್ತೆ, ಮೇಲೆ ಪೆಟ್ರೋಲ್ ಟ್ಯಾಂಕ್ ಇರುತ್ತೆ.

ಫ್ಯೂಸ್ ಜಾಗದಲ್ಲಿ ನಾನು ಹಾಕಿದ್ದು ಒಂದು ಹಳೇ ಇಂಡಿಕೇಟರ್ ಬಲ್ಬು. ಆಮೇಲೆ ಗಾಡಿಯ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟೆ, ಕಾಯಿಲ್ ವೈರೂ ತೆಗೆದೆ. ಕರೆಂಟ್ ಹೋಗೋಕೆ ದಾರಿನೇ ಇಲ್ಲ ತಾನೆ? ಲೈಟ್ ಸ್ವಿಚ್ ಹಾಕಿದ್ರೆ ಇಂಡಿಕೇಟರ್ ಬಲ್ಬು ಜಗಜಗ ಅಂತು. ಅಂದ್ರೆ ಕಳ್ಳದಾರಿ ಸ್ವಿಚ್ಚಿಂದ ಆಚೆ ಎಲ್ಲೋ ಇದೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ದಿದ್ರೆ ನಾವು ಲೆಕ್ಕ ಭಾಗ ಮಾಡಿ ಮಾಡಿ ನೋಡ್ತೀವಲ್ಲ, ಹಾಗೇ. ಒಂದೊಂದೇ ವೈರ್ ಕಳಚಬೇಕು, ಯಾವುದನ್ನ ಕಳಚಿದಾಗ ಬಲ್ಬು ಆರುತ್ತೋ ಅದೇ ಅಪರಾಧಿ.

ಹೆಡ್‌ಲೈಟ್ ಡೂಮ್ ತೆಗೆದಾಗ ನಿಜವಾಗ್ಲೂ ಎದೆ ಧಸಕ್ ಅಂತು (ಮೂರನೇ ಫೋಟೊ). ಹನ್ನೊಂದು ಜಾಯಿಂಟ್. ಮೂಲ ವೈರ್ ಒಂದೆರಡು ಅಷ್ಟೇ. ಒಂದು ತುಂಡು ಮನೆ ವೈರಿಂಗಿನ ಹಳದಿ ವೈರು, ಇನ್ನೊಂದು ಯಾವುದೋ ಟ್ರ್ಯಾಕ್ಟರಿಂದು. ಟೇಪಿನ ಮೇಲೆ ಟೇಪು, ಅಂಟು ಕರಗಿ ಬೆಲ್ಲದ ಪಾಕದ ಹಾಗೆ.

ಇದ್ಯಾಕೆ ಹೀಗೆ ಅಂತ ತಾತನ್ನ ಕೇಳಿದೆ. ತಾತ ಈ ಗಾಡಿ ತಗೊಂಡಿದ್ದು 1987ರಲ್ಲಿ, ಸೆಕೆಂಡ್ ಹ್ಯಾಂಡ್, ಚಿಂತಾಮಣಿಯ ಒಬ್ಬರ ಹತ್ರ. ಅವರು ಯಾಕೆ ಮಾರಿದ್ರು? ಹೀರೊ ಹೋಂಡಾ ತಗೊಳ್ಳೋಕೆ! ಇಸವಿ ಗಮನಿಸಿ. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೊ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಲೀಟರಿಗೆ 80 ಕಿಲೋಮೀಟರ್ ಅನ್ನೋ ಜಾಹೀರಾತಿನ ಮುಂದೆ ಪೆಟ್ರೋಲ್ ಕುಡಿಯೋ 250 ಸಿಸಿ ಹೇಗೆ ನಿಲ್ಲುತ್ತೆ? ಮೈಸೂರಿನ ಕಾರ್ಖಾನೆಗೆ ಬಿದ್ದ ಹೊಡೆತ ನಮ್ಮೂರಿಗೆ ಬಂದಿದ್ದು ಹೀಗೆ, ಒಬ್ಬ ರೈತನ ಕೈಗೆಟುಕೋ ಬೆಲೆಗೆ ಇಳಿದ ಒಂದು ಯೆಜ್ಡಿಯಾಗಿ. ಯಾರದೋ ನಷ್ಟದಿಂದ ನಮ್ಮನೆಗೆ ಗಾಡಿ ಬಂತು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು. 2001ರಲ್ಲಿ ಕಂಪನಿ ಸಮಾಪನಕ್ಕೆ ಹೈಕೋರ್ಟ್ ಆದೇಶ ಆಯ್ತು. ಕಂಪನಿ ಲಾ ಕ್ಲಾಸಲ್ಲಿ ನಾವು ಬಾಯಿಪಾಠ ಮಾಡೋ ಅಫಿಶಿಯಲ್ ಲಿಕ್ವಿಡೇಟರ್, ಕಾರ್ಮಿಕರ ಬಾಕಿಗೆ ಆದ್ಯತೆ, ಇವೆಲ್ಲ ನಮ್ಮ ರಾಜ್ಯದ ಸಾವಿರಾರು ಮನೆಯ ಅನ್ನದ ಪ್ರಶ್ನೆ ಆಗಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯಿಂದ ವಾಪಸ್ ಬಂತು, ಚೆನ್ನಾಗಿಯೇ ಇವೆ, ಆದ್ರೆ ನಮ್ಮ ಗಾಡಿಗೆ ಬೇಕಾದ ಸಾಮಾನು ಅಲ್ಲಿಲ್ಲ. ಬಾಗಿಲು ಹಾಕಿದ ಮೇಲೆ ಹಳ್ಳಿ ಮೆಕ್ಯಾನಿಕ್ ಕೈಗೆ ಸಿಕ್ಕಿದ್ದನ್ನೇ ಸೇರಿಸಿ ನಡೆಸಿದ. ಆ ಹನ್ನೊಂದು ಜಾಯಿಂಟಿನ ಮೇಲೆ ಶನಿವಾರ ನನಗೆ ಸಿಟ್ಟಿತ್ತು, ಭಾನುವಾರ ಹೋಗಿತ್ತು.

ಅಪರಾಧಿ ಅವುಗಳಲ್ಲಿ ಯಾವುದೂ ಅಲ್ಲ! ಡೂಮ್ ಒಳಗೆ ಟೇಲ್ ಲೈಟಿನ ವೈರ್ ಕಳಚಿದಾಗ ಬಲ್ಬು ಆರಿಹೋಯ್ತು. ಮತ್ತೆ ಸೇರಿಸಿ, ವೈರ್ ಹಿಡ್ಕೊಂಡು ಹಿಂದಕ್ಕೆ ಬಂದೆ, ಸೀಟಿನ ಕೆಳಗೆ ಅಲ್ಲಾಡಿಸಿದೆ, ಏನಿಲ್ಲ. ಹಿಂದಿನ ಕ್ಯಾರಿಯರ್ ಹಿಡಿದು ಜಗ್ಗಿದಾಗ ಬಲ್ಬು ಮಿಣಕ್ ಅಂತು. ಮಡ್‌ಗಾರ್ಡ್ ಕೆಳಗೆ ಕೈ ಹಾಕಿದ್ರೆ ಕ್ಯಾರಿಯರಿನ ಬೋಲ್ಟು, ಅದರ ತಲೆಯಡಿ ವೈರು ಚಪ್ಪಟೆಯಾಗಿ ಸಿಕ್ಕಾಕ್ಕೊಂಡಿದೆ. ಐದನೇ ಫೋಟೊ, ಜೂಮ್ ಮಾಡಿ ನೋಡಿ.

"ಅದು ನಾನೇ ಹಾಕ್ಸಿದ್ದು ಕಣಪ್ಪ, ಗೂಡಿನ ಚೀಲಕ್ಕೆ" ಅಂದ್ರು ತಾತ. ರೇಷ್ಮೆ ಗೂಡು ಹೇರ್ಕೊಂಡು, ಚಿಂತಾಮಣಿ ದಾಟಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಬೆಳಗಾಗೋ ಮುಂಚೆ ಹೋಗ್ತಿದ್ರಂತೆ. ಅತ್ತೆಯ ಮದುವೆ, ಅಪ್ಪನ ಓದು ಎಲ್ಲಾ ಆ ಕ್ಯಾರಿಯರ್ ಮೇಲೇ ಹೋಗಿದ್ದು. ಅಷ್ಟು ವರ್ಷ ಒಂದೊಂದು ಗುಂಡಿಗೂ ಬೋಲ್ಟು ವೈರಿನ ಸಿಪ್ಪೆಯನ್ನ ಒಂಚೂರು ಒಂಚೂರು ಕಚ್ಚಿದೆ.

ಹೊಸ ವೈರ್ ಎಳೆದು, ಮೇಲೊಂದು ರಬ್ಬರ್ ಸ್ಲೀವ್ ಹಾಕಿ, ಬೋಲ್ಟಿಂದ ದೂರ ಕಟ್ಟಿದೆ. ಖರ್ಚು ನೂರು ರೂಪಾಯಿ ಒಳಗೆ. ಐದನೇ ಫ್ಯೂಸ್ ಹಾಕಿ ಸ್ವಿಚ್ ತಿರುಗಿಸೋವಾಗ ಅಪ್ಪನೂ ಬಾಗಿಲಲ್ಲಿ ನಿಂತಿದ್ರು. ಲೈಟ್ ಬಂತು, 6 ವೋಲ್ಟಿನ ಹಳದಿ ಲೈಟು, ಎದುರು ಗೋಡೆ ಕೂಡ ಸರಿಯಾಗಿ ಕಾಣಲ್ಲ. ತಾತನಿಗೆ ಕಣ್ಣು ಅಷ್ಟಾಗಿ ಕಾಣಿಸಲ್ಲ, "ಹತ್ತಿತಾ?" ಅಂತ ಎರಡು ಸಲ ಕೇಳಿದ್ರು.

ಸೋಮವಾರ ಗುಜರಿಯವನು ಬಂದ. ಅಪ್ಪ ಅವನಿಗೆ ಹಳೇ ಪಂಪ್‌ಸೆಟ್ ಮೋಟಾರ್ ತೋರಿಸಿ ಅದಕ್ಕೆ ರೇಟ್ ಕೇಳಿದ್ರು. ಗಾಡಿಯ ಆರ್‌ಸಿ ರಿನ್ಯೂವಲ್ ಬಾಕಿ ಇದೆ, ಅದರ ಫಜೀತಿ ಮುಂದಿನ ಪೋಸ್ಟಲ್ಲಿ. ನಿಮ್ಮನೆ ಹಿತ್ತಲಲ್ಲೂ ಯೆಜ್ಡಿ ನಿಂತಿದ್ರೆ ಫೋಟೊ ಕಳಿಸಿ, ಮೊದಲು ಮಡ್‌ಗಾರ್ಡ್ ಕೆಳಗೆ ಕೈ ಹಾಕಿ ನೋಡಿ.