ಯಳಂದೂರಿನ ಮೂಲಪುರುಷರು

ಯಳಂದೂರೆಂದೊಡನೆ ಜನರು ದಿವಾನ್ ಪೂರ್ಣಯ್ಯನವರ ಮನೆತನವನ್ನು ಸ್ಮರಿಸುವರು. ಅದು ಯುಕ್ತವೇ. 1807ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ಈ ಸೀಮೆಯನ್ನು ಪೂರ್ಣಯ್ಯನವರಿಗೆ ವಂಶಪಾರಂಪರ್ಯದ ಜಹಗೀರಾಗಿ ದಯಪಾಲಿಸಿದರು. ಆ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರ ವರೆಗೆ ಮೈಸೂರಿನ ದಿವಾನಗಿರಿಯನ್ನು ನಿರ್ವಹಿಸಿದರು. ಮಗ್ಗುಲ ಕೊಳ್ಳೇಗಾಲವಾದರೋ 1956ರ ವರೆಗೂ ಮದ್ರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು.

ಆದರೆ ಜಹಗೀರ್ದಾರರನ್ನೇ ಊರಿನ ಮೂಲಪುರುಷರೆಂದು ಹೇಳುವುದು ಸಲ್ಲದು. ಪೂರ್ಣಯ್ಯನವರಿಗೆ ದೊರೆತುದು ಅದಾಗಲೇ ಹಳೆಯದಾಗಿದ್ದ ಊರು. ಸುವರ್ಣಾವತೀ ತೀರದ ಈ ಸ್ಥಳವು ಹದಿನಾಡಿನ ಪ್ರಭುಗಳಿಗೆ ನೆಲೆಯಾಗಿದ್ದಿತು. ಗೌರೀಶ್ವರ ದೇವಾಲಯವೂ ಅದರ ಮುಂದಣ ಬಳೆಮಂಟಪವೂ ಆ ವಂಶದವರ ಕೃತಿಗಳು. ಒಂದೇ ಕಲ್ಲಿನಲ್ಲಿ ಕಡೆದು ಒಂದರೊಳಗೊಂದು ಕೋದಂತಿರುವ ಆ ಶಿಲೆಯ ಬಳೆಗಳನ್ನು ಇದುವರೆಗೆ ಕಾಣದ ಸದ್ಭಕ್ತರು ಒಮ್ಮೆ ಹೋಗಿ ಕಾಣಬೇಕು. ಬರೆದು ತಿಳಿಸುವ ವಿಷಯವಲ್ಲ.

ಹದಿನೇಳನೆಯ ಶತಮಾನದಲ್ಲಿ, ಮಳವಳ್ಳಿ ಸೀಮೆಯ ಧನಗೂರಿನಲ್ಲಿ ಜನಿಸಿದ ಷಡಕ್ಷರದೇವರು ಯಳಂದೂರಿನ ಮಠಾಧಿಪತಿಗಳಾಗಿದ್ದರು. ಬಸವಣ್ಣನವರ ಚರಿತೆಯನ್ನುಳ್ಳ ಅವರ ‘ವೃಷಭೇಂದ್ರವಿಜಯ’ವು 1671ರದು. ಜಹಗೀರಿನ ಸನ್ನದು ಬರುವುದಕ್ಕೆ ಆಗಿನ್ನೂ 136 ವರ್ಷಗಳಿದ್ದುವು. ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮನೂ ಈ ಊರಿನವಳೇ. ಷಡಕ್ಷರದೇವರ ಗದ್ದುಗೆಯು ಯಳಂದೂರಿನಲ್ಲಿಯೇ ಇರುವುದು.