ಕೆರಟೋಅಕಾಂಥೋಮಾ: ರೋಗನಿರ್ಣಯದ ತೊಡಕು ಮತ್ತು ಮಾರಕತೆಯ ಪ್ರಶ್ನೆ

ಕೆರಟೋಅಕಾಂಥೋಮಾ ಎಂಬ ಚರ್ಮದ ಗಡ್ಡೆ ಆರರಿಂದ ಎಂಟು ವಾರಗಳಲ್ಲಿ ದಿಢೀರನೆ ಬೆಳೆಯುತ್ತದೆ, ಕೆಲಕಾಲ ಬೆಳವಣಿಗೆ ನಿಲ್ಲಿಸುತ್ತದೆ, ಅನೇಕ ಸಲ ಚಿಕಿತ್ಸೆಯಿಲ್ಲದೆಯೇ ಕರಗಿ ಕಲೆಯನ್ನಷ್ಟೇ ಉಳಿಸುತ್ತದೆ. ಆದರೆ ಅದರ ಜೀವಕೋಶಗಳು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾದ ಜೀವಕೋಶಗಳನ್ನು ಬಹಳ ಹತ್ತಿರದಿಂದ ಹೋಲುತ್ತವೆ. ಹಾಗಾಗಿ ಜೀವಕೋಶಗಳನ್ನಷ್ಟೇ ನೋಡಿ ಈ ಗಡ್ಡೆಯ ಸ್ವಭಾವವನ್ನು ನಿರ್ಧರಿಸಲಾಗದು. ಗಡ್ಡೆಯ ಒಟ್ಟು ರಚನೆ, ಅದು ಬೆಳೆದ ವೇಗ, ರೋಗಿಯ ದೇಹಸ್ಥಿತಿ ಈ ಮೂರನ್ನೂ ಒಟ್ಟಿಗೆ ಪರಿಶೀಲಿಸಬೇಕು; ಆಮೇಲೂ ಸಂದೇಹ ಉಳಿದರೆ ಕ್ಯಾನ್ಸರ್ ಎಂದೇ ಪರಿಗಣಿಸಿ ಚಿಕಿತ್ಸೆ ನೀಡಬೇಕು ಎಂಬುದು ಪ್ರಸ್ತುತ ಲೇಖನದ ನಿಲುವು.

ವರ್ಗೀಕರಣದ ವಿವಾದ

1889ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜೊನಾಥನ್ ಹಚಿನ್ಸನ್ ಇದನ್ನು ಮುಖದ ಮೇಲಿನ ಕುಳಿಯಾಕಾರದ ಹುಣ್ಣು ಎಂದು ವರ್ಣಿಸಿದರು. 1950ರಲ್ಲಿ ರೂಕ್ ಮತ್ತು ವಿಂಸ್ಟರ್ ಅವರ ಬರಹದೊಂದಿಗೆ ಈಗಿನ ಹೆಸರು ಬಳಕೆಗೆ ಬಂತು. ಮುಂದಿನ ದಶಕಗಳಲ್ಲಿ ಇದು ನಿರಪಾಯಕಾರಿ ಎಂಬ ಅಭಿಪ್ರಾಯವೇ ಪ್ರಬಲವಾಗಿತ್ತು. 1993ರಲ್ಲಿ ಹೊಡಾಕ್, ಜೋನ್ಸ್ ಮತ್ತು ಆಕರ್ಮನ್ ದೇಹದ ಇತರೆಡೆಗೆ ಹರಡಿದ ಮೂರು ಪ್ರಕರಣಗಳನ್ನು ಮುಂದಿಟ್ಟು, ಇದು ಕಾರ್ಸಿನೋಮಾವೇ ಎಂದು ವಾದಿಸಿದರು. 2014ರಲ್ಲಿ ಸ್ಯಾವೇಜ್ ಮತ್ತು ಮೈಜ್ ನಾನೂರಕ್ಕೂ ಹೆಚ್ಚು ಪ್ರಕರಣಗಳನ್ನು ಪರಾಮರ್ಶಿಸಿದಾಗ ಹರಡಿದ್ದಾಗಲಿ, ಇದರಿಂದ ಸಾವು ಸಂಭವಿಸಿದ್ದಾಗಲಿ ಕಂಡುಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ವರ್ಗೀಕರಣವಾದರೋ ಇದನ್ನು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾದ ಗುಂಪಿನಲ್ಲೇ ಇರಿಸಿತು.

ಈ ಭಿನ್ನಾಭಿಪ್ರಾಯದ ಹಿಂದೆ ತರ್ಕದ ಒಂದು ತೊಡಕಿದೆ. ಹರಡಿದ ಗಡ್ಡೆಯನ್ನು 'ಅದು ಮೊದಲಿನಿಂದಲೂ ಕಾರ್ಸಿನೋಮಾವೇ' ಎಂದು ಪಟ್ಟಿಯಿಂದ ಹೊರಗಿಟ್ಟರೆ, ಪಟ್ಟಿಯಲ್ಲಿ ಉಳಿದವು ಸಹಜವಾಗಿಯೇ ನಿರಪಾಯಕಾರಿಗಳಾಗಿರುತ್ತವೆ. ತಾನಾಗಿ ಕರಗುವುದೇ ನಿರ್ಣಾಯಕ ಲಕ್ಷಣ ಎಂದರೂ ತೊಡಕು ತಪ್ಪದು. ಗಡ್ಡೆಯನ್ನು ತೆಗೆದ ಮೇಲೆ ಅದು ಕರಗುತ್ತಿತ್ತೇ ಎಂದು ತಿಳಿಯಲು ದಾರಿಯಿಲ್ಲ. ತೆಗೆಯದೆ ಕಾದರೆ ಆ ಅವಧಿಯ ಅಪಾಯವೆಲ್ಲ ರೋಗಿಯದು.

ಕಣ್ಣಿಗೆ ಕಾಣುವುದು, ಸ್ಲೈಡಿನಲ್ಲಿ ಕಾಣುವುದು

ಈ ಗಡ್ಡೆ ಹೆಚ್ಚಾಗಿ ಬಿಸಿಲು ಬೀಳುವ ಮುಖ, ಮುಂಗೈ ಹಾಗೂ ಅಂಗೈ ಹಿಂಭಾಗದಲ್ಲಿ ಕಾಣಿಸುತ್ತದೆ. ಬಿಳಿ ಚರ್ಮದ ಹಿರಿಯ ವಯಸ್ಕರಲ್ಲಿ ಇದರ ಪ್ರಮಾಣ ಹೆಚ್ಚು. ಒಂದೆರಡು ಸೆಂಟಿಮೀಟರ್ ಅಗಲದ ಗುಮ್ಮಟಾಕಾರದ ಗಂಟು, ನಯವಾಗಿ ಹೊಳೆಯುವ ಅಂಚು, ನಡುವಿನ ಕುಳಿಯಲ್ಲಿ ಗಟ್ಟಿಯಾದ ಕೆರಟಿನ್ ಇದರ ಸಾಮಾನ್ಯ ರೂಪ.

ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ ನೋಡಿದರೆ ಕೆರಟಿನ್ ತುಂಬಿದ ಬಟ್ಟಲಿನಾಕಾರದ ರಚನೆ ಕಾಣುತ್ತದೆ. ಪಕ್ಕದ ಹೊರಚರ್ಮ ಎರಡೂ ಕಡೆಯಿಂದ ತುಟಿಯಂತೆ ಅದರ ಮೇಲೆ ಬಾಗಿರುತ್ತದೆ. ವರ್ಧನೆ ಹೆಚ್ಚಿಸಿದಾಗ ಗಾಜಿನಂತೆ ಮಸುಕಾದ, ದೊಡ್ಡ ಗುಲಾಬಿ ಜೀವಕೋಶಗಳೂ ನ್ಯೂಟ್ರೋಫಿಲ್‌ಗಳ ಪುಟ್ಟ ಗುಂಪುಗಳೂ ಕಾಣಿಸುತ್ತವೆ. ಗಡ್ಡೆಯ ತಳ ಸಾಮಾನ್ಯವಾಗಿ ಬೆವರುಗ್ರಂಥಿಗಳ ಮಟ್ಟಕ್ಕಿಂತ ಕೆಳಗಿಳಿಯುವುದಿಲ್ಲ. ಇದಕ್ಕೆ ಪ್ರತಿಯಾಗಿ ತೀವ್ರ ಕೋಶವಿಕೃತಿ, ಆಳಕ್ಕೆ ಚದುರಿದ ಕೋಶಗಳು ಕಾರ್ಸಿನೋಮಾದತ್ತ ಬೆರಳು ಮಾಡುತ್ತವೆ. ಪಿ53, ಕೆಐ-67ರಂಥ ಬಣ್ಣಪರೀಕ್ಷೆಗಳು ಒಂದೊಂದು ಪ್ರಕರಣದಲ್ಲೂ ನೆಚ್ಚಿಕೊಳ್ಳುವಷ್ಟು ಖಚಿತ ಉತ್ತರ ನೀಡುವುದಿಲ್ಲ.

ಹೀಗಾಗಿ ಬಯಾಪ್ಸಿಯ ವಿಧಾನವೇ ನಿರ್ಣಾಯಕ. ಮೇಲ್ಪದರವನ್ನಷ್ಟೇ ಹೆರೆದು ಕಳಿಸಿದರೆ ಅಂಚಿನ ಬಾಗೂ ತಳದ ಆಳವೂ ರೋಗಶಾಸ್ತ್ರಜ್ಞರ ಕೈಗೆ ಸಿಗುವುದಿಲ್ಲ. ಗಡ್ಡೆಯನ್ನು ಪೂರ್ತಿ ತೆಗೆಯುವುದು ಉತ್ತಮ. ಅದು ಸಾಧ್ಯವಾಗದಿದ್ದರೆ ಎರಡೂ ಅಂಚು, ನಡುಭಾಗ ಮತ್ತು ಕೆಳಗಿನ ಕೊಬ್ಬಿನ ಪದರ ಒಳಗೊಂಡ ಆಳವಾದ ತುಣುಕು ಬೇಕು. ಜೊತೆಗೆ ಹೋಗುವ ಕೋರಿಕೆ ಪತ್ರದಲ್ಲಿ 'ಮುಖದ ಗಂಟು' ಎಂದಷ್ಟೇ ಬರೆಯದೆ, ಗಂಟು ಯಾವಾಗ ಕಾಣಿಸಿತು, ಎಷ್ಟು ವಾರಗಳಲ್ಲಿ ಈ ಗಾತ್ರಕ್ಕೆ ಬಂತು ಎಂಬುದನ್ನು ನಮೂದಿಸಬೇಕು. ಆ ಮಾಹಿತಿ ಸ್ಲೈಡಿನಲ್ಲಿ ಎಲ್ಲೂ ಸಿಗುವುದಿಲ್ಲ.

ರೋಗಿಯ ಹಿನ್ನೆಲೆ

ಗಡ್ಡೆಗಳು ಒಂದಕ್ಕಿಂತ ಹೆಚ್ಚಿದ್ದರೆ ತನಿಖೆಯ ದಿಕ್ಕೇ ಬದಲಾಗುತ್ತದೆ. ಫರ್ಗ್ಯುಸನ್-ಸ್ಮಿತ್ ಕಾಯಿಲೆಗೆ ಟಿಜಿಎಫ್‌ಬಿಆರ್1 ವಂಶವಾಹಿಯ ದೋಷ ಕಾರಣ. ಮ್ಯೂರ್-ಟೋರೆ ಸಿಂಡ್ರೋಮ್‌ನಲ್ಲಿ ಇಂಥ ಗಡ್ಡೆಗಳ ಜೊತೆ ಮೇದೋಗ್ರಂಥಿಯ ಗಡ್ಡೆಗಳೂ ದೊಡ್ಡ ಕರುಳಿನ ಕ್ಯಾನ್ಸರೂ ಬರಬಹುದಾದ್ದರಿಂದ ಕುಟುಂಬದ ಆರೋಗ್ಯ ಚರಿತ್ರೆಯನ್ನು ಕೇಳಲೇಬೇಕು. ಮೆಲನೋಮಾಕ್ಕೆ ವೆಮುರಾಫೆನಿಬ್ ಪಡೆಯುವವರಲ್ಲೂ ಇಂಥ ಗಡ್ಡೆಗಳು ಏಳುತ್ತವೆ. ಅಂಗಾಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುತ್ತಿರುವವರಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಹೆಚ್ಚು ಉಗ್ರವಾಗಿರುವುದರಿಂದ, ತಾನಾಗಿ ಕರಗೀತೆಂದು ಕಾಯುವುದು ತರವಲ್ಲ. ಕಪ್ಪು-ಕಂದು ಚರ್ಮದವರಲ್ಲಿ ಈ ಕ್ಯಾನ್ಸರ್ ಹಳೆಯ ಸುಟ್ಟಗಾಯ ಮತ್ತು ಮಾಯದ ಹುಣ್ಣುಗಳ ಮೇಲೂ ಹುಟ್ಟುತ್ತದೆ. ಆದ್ದರಿಂದ ನಮ್ಮ ಕ್ಲಿನಿಕ್ಕುಗಳಲ್ಲಿ 'ಬಿಸಿಲು ಬೀಳದ ಜಾಗ' ಎಂಬ ಕಾರಣಕ್ಕೆ ಸಂದೇಹ ಕೈಬಿಡುವಂತಿಲ್ಲ.

ಸಮಾರೋಪ

ಕೆರಟೋಅಕಾಂಥೋಮಾ ಹರಡುವ ಸಾಧ್ಯತೆ ತೀರಾ ಕಡಿಮೆ. ಅದನ್ನು ಹೋಲುವ ಕಾರ್ಸಿನೋಮಾವನ್ನು ಗುರುತಿಸದೆ ಬಿಟ್ಟರೆ ಮಾತ್ರ ಪರಿಣಾಮ ಗಂಭೀರ. ಸಣ್ಣ ಗಡ್ಡೆಯೊಂದನ್ನು ಅಂಚುಸಹಿತ ತೆಗೆಯುವ ನೋವು ಆ ನಷ್ಟದ ಮುಂದೆ ಅಲ್ಪ. ಮೂಗು, ತುಟಿಯಂಥ ಕಡೆ ಶಸ್ತ್ರಚಿಕಿತ್ಸೆ ಕಷ್ಟವಾದರೆ ಗಡ್ಡೆಯೊಳಕ್ಕೇ ಮೆಥೊಟ್ರೆಕ್ಸೇಟ್ ಚುಚ್ಚುವ ಕ್ರಮವಿದೆ. ಆದರೆ ಬಯಾಪ್ಸಿ ಮಾಡದೆ ಅದನ್ನು ಆರಂಭಿಸಬಾರದು, ಗಡ್ಡೆ ಪೂರ್ತಿ ಕರಗುವವರೆಗೂ ರೋಗಿಯ ಮೇಲಿನ ನಿಗಾ ಬಿಡಬಾರದು. ವರ್ಗೀಕರಣದ ಚರ್ಚೆ ಮುಂದುವರಿಯಲಿ. ಚಿಕಿತ್ಸೆಯ ತೀರ್ಮಾನ ಅದು ಮುಗಿಯುವ ತನಕ ಕಾಯಬೇಕಿಲ್ಲ.