ಒಬ್ಬರ ಮಾತಿನ ಮೇಲೆ ನಿಂತ ಅಣೆಕಟ್ಟು

1928ರ ಮಾರ್ಚ್ 12ರ ಬೆಳಿಗ್ಗೆ ಅಮೆರಿಕದ ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ಇಲಾಖೆಯ ಮುಖ್ಯ ಎಂಜಿನಿಯರ್ ವಿಲಿಯಂ ಮುಲ್ಹಾಲೆಂಡ್ ಅವರಿಗೆ ದೂರವಾಣಿ ಕರೆಯೊಂದು ಬಂತು. ಸೇಂಟ್ ಫ್ರಾನ್ಸಿಸ್ ಅಣೆಕಟ್ಟಿನ ಬದಿಯಲ್ಲಿ ಕೆಸರು ನೀರು ಜಿನುಗುತ್ತಿದೆ ಎಂದು ಕಾವಲುಗಾರ ತಿಳಿಸಿದ್ದ. ಸೋರುವ ನೀರು ಕೆಸರಾಗಿದ್ದರೆ ಅದು ತಳದ ಮಣ್ಣನ್ನೇ ಕೊರೆದು ತರುತ್ತಿರಬಹುದು. ಮುಲ್ಹಾಲೆಂಡ್ ಬಂದು ಪರಿಶೀಲಿಸಿದರು. ಕೆಸರು ಪಕ್ಕದ ಹೊಸ ರಸ್ತೆಯ ಮಣ್ಣಿನದು, ಅಪಾಯವೇನಿಲ್ಲ ಎಂದು ಹೇಳಿ ಹಿಂತಿರುಗಿದರು.

ಅದೇ ರಾತ್ರಿ 11 ಗಂಟೆ 57 ನಿಮಿಷಕ್ಕೆ ಅಣೆಕಟ್ಟು ಒಡೆಯಿತು. ಸುಮಾರು 4,700 ಕೋಟಿ ಲೀಟರ್ ನೀರು ಕಣಿವೆಯ ಊರು, ತೋಟಗಳನ್ನು ಕೊಚ್ಚಿಕೊಂಡು 54 ಮೈಲಿ ಹರಿದು, ಬೆಳಗಾಗುವ ಮುನ್ನ ಶಾಂತಸಾಗರ ಸೇರಿತು. ಕನಿಷ್ಠ 431 ಮಂದಿ ಸತ್ತರು. ಕಾವಲುಗಾರನೂ ಅವರಲ್ಲೊಬ್ಬ.

ಐರ್ಲೆಂಡಿನಿಂದ ವಲಸೆ ಬಂದ ಮುಲ್ಹಾಲೆಂಡ್ ನಗರದ ನೀರಿನ ಕಾಲುವೆ ನೋಡಿಕೊಳ್ಳುವ ಕೆಲಸದಿಂದ ಆರಂಭಿಸಿ, ಸ್ವಂತ ಓದಿನಿಂದಲೇ ಎಂಜಿನಿಯರ್ ಆದವರು. ಓವೆನ್ಸ್ ಕಣಿವೆಯಿಂದ 233 ಮೈಲಿ ಉದ್ದದ ಕಾಲುವೆಯಲ್ಲಿ 1913ರಲ್ಲಿ ನಗರಕ್ಕೆ ನೀರು ತಂದಾಗ ಅವರ ಕೀರ್ತಿ ಉತ್ತುಂಗಕ್ಕೇರಿತು. ಆದರೆ ನೀರು ಕಳೆದುಕೊಂಡ ಅಲ್ಲಿನ ರೈತರು 1924ರಲ್ಲಿ ಕಾಲುವೆಗೇ ಡೈನಮೈಟ್ ಇಟ್ಟರು. ನಗರಕ್ಕೆ ಹತ್ತಿರದಲ್ಲೇ ನೀರಿನ ದಾಸ್ತಾನು ಇರಬೇಕೆಂಬ ವಾದಕ್ಕೆ ಬಲ ಬಂತು.

ಸೇಂಟ್ ಫ್ರಾನ್ಸಿಸ್ ಅಣೆಕಟ್ಟು 1926ರಲ್ಲಿ ಸಿದ್ಧವಾಯಿತು. ಕೆಲಸ ನಡೆಯುವಾಗಲೇ ಎತ್ತರವನ್ನು ಎರಡು ಬಾರಿ ಹತ್ತು ಹತ್ತು ಅಡಿ ಹೆಚ್ಚಿಸಿದರು. ಅದಕ್ಕೆ ತಕ್ಕಂತೆ ಬುಡವನ್ನು ಅಗಲ ಮಾಡಲಿಲ್ಲ. ಪಶ್ಚಿಮ ದಂಡೆಯ ಕೆಂಪು ಬಂಡೆ ನೀರಿನಲ್ಲಿ ನೆನೆದರೆ ಸಡಿಲವಾಗುವಂಥದು. ಪೂರ್ವದ ದಂಡೆ ಪುರಾತನ ಭೂಕುಸಿತದ ರಾಶಿಯೆಂಬುದು ದಶಕಗಳ ನಂತರವಷ್ಟೇ ಖಚಿತವಾಯಿತು.

ಈ ನಕ್ಷೆಯನ್ನು ಹೊರಗಿನ ತಜ್ಞರೇಕೆ ಪರಿಶೀಲಿಸಲಿಲ್ಲ? ಸ್ವಂತ ಎಂಜಿನಿಯರಿಂಗ್ ವಿಭಾಗವಿರುವ ನಗರಸಭೆಗಳಿಗೆ ಕ್ಯಾಲಿಫೋರ್ನಿಯಾದ 1917ರ ಕಾನೂನು ವಿನಾಯಿತಿ ನೀಡಿತ್ತು. ಮುಲ್ಹಾಲೆಂಡ್ ಮಾತೇ ಕೊನೆಯ ಮಾತಾಗಿತ್ತು.

ವಿಚಾರಣೆಯಲ್ಲಿ ಅವರು ಹೊಣೆಯನ್ನು ಬೇರೆಯವರ ಮೇಲೆ ಹೊರಿಸಲಿಲ್ಲ. ತೀರ್ಪುಗಾರರು ಅವರನ್ನು ಅಪರಾಧಿಯೆನ್ನಲಿಲ್ಲ. ಎಷ್ಟೇ ಹೆಸರುವಾಸಿಯಾದರೂ ಒಬ್ಬನೇ ವ್ಯಕ್ತಿಯ ತೀರ್ಮಾನಕ್ಕೆ ಇಂಥ ಅಣೆಕಟ್ಟನ್ನು ಬಿಡಬಾರದು ಎಂದರು. 1929ರಲ್ಲಿ ಹೊಸ ಕಾನೂನು ಬಂತು. ನಗರಸಭೆಗಳ ಅಣೆಕಟ್ಟುಗಳೂ ರಾಜ್ಯದ ಪರಿಶೀಲನೆಗೆ ಒಳಪಟ್ಟವು.

ಅಂದು ಬೆಳಿಗ್ಗೆ ಅನುಮಾನಪಟ್ಟವನು ಕಾವಲುಗಾರ. ಅವನ ಅನುಮಾನವನ್ನು ಇನ್ನೊಮ್ಮೆ ತೂಗಿ ನೋಡುವ ಹೊರಗಿನ ತಜ್ಞರು ಅಲ್ಲಿರಲಿಲ್ಲ.